ಗಾಳಿಬೀಡು, ಮೀಟರ್ ಜೋಡಿಸಿದ ದಿನ

ಕಂಬ ಹತ್ತಿ ಇಳಿದು ಇಪ್ಪತ್ತಾರು ಮಳೆಗಾಲ.
ಹೆಸರಿಗೆ ಗಾಳಿಬೀಡು. ಈ ಊರಿನ ಗಾಳಿಗೆ
ಕಂಬ ಕೀಳುವುದು ಗೊತ್ತು,
ದೀಪ ಹಚ್ಚುವುದನ್ನು ಯಾರೂ ಕಲಿಸಿಲ್ಲ.
ಕಕ್ಕಡದಲ್ಲಿ ಒಂದೇ ರಾತ್ರಿಗೆ ಮೂರು ಕಂಬ,
ತಂತಿಯ ಮೇಲೆ ಅಡ್ಡ ಮಲಗಿದ ಬಳಂಜಿ ಮರ,
ನಾನು, ಟಾರ್ಚು, ಕಾಲಿನ ತುಂಬ ಜಿಗಣೆ.

ಇವತ್ತು ಬಿಸಿಲು.
ಪೂಣಚ್ಚನವರ ರೆಸಾರ್ಟಿಗೆ ಹೊಸ ಮೀಟರು,
ಕಾರಿಗೆ ಕರೆಂಟು ಕುಡಿಸುವ ಯಂತ್ರಕ್ಕೆ.
ಬಿಳಿ ಪೆಟ್ಟಿಗೆ, ಮೇಲೊಂದು ಹಸಿರು ಎಲೆಯ ಚಿತ್ರ.
ಎಂಥ ಎಲೆ ಅಂತ ಹತ್ತಿರ ಹೋಗಿ ನೋಡಿದೆ:
ಕಾಫಿಯದಲ್ಲ, ಹಲಸಿನದಲ್ಲ, ಅತ್ತಿಯದೂ ಅಲ್ಲ,
ನಮ್ಮ ಕಡೆ ಯಾವ ಮರವೂ ಬಿಡದ ಎಲೆ.

ಮೈಸೂರಿನ ದಂಪತಿಯ ಹೊಸ ಕಾರು
ಹೊಗೆಯಿಲ್ಲದೆ, ಸದ್ದಿಲ್ಲದೆ,
ಅಡುಗೆಮನೆಗೆ ಬೆಕ್ಕು ಬಂದ ಹಾಗೆ ಬಂತು.
"ಇದು ಪೂರಾ ಗ್ರೀನ್ ಕರೆಂಟಾ?" ಆಕೆ ಕೇಳಿದರು.
ಒಳ್ಳೆಯವರು. ನನಗೂ ಒಂದು ಬಾಟಲಿ ನೀರು ಕೊಟ್ಟರು.
ಏನು ಹೇಳಲಿ ನಾನು?
ಕರೆಂಟು ಊರು ಹೇಳಿಕೊಂಡು ಬರುವ ನೆಂಟನಲ್ಲ.
ರಾಯಚೂರಿನ ಕಲ್ಲಿದ್ದಲು, ಲಿಂಗನಮಕ್ಕಿಯ ನೀರು,
ಪಾವಗಡದ ಬಿಸಿಲು
ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ, ಅಮ್ಮ.
ಮುಟ್ಟಿದರೆ ಮೂರೂ ಒಂದೇ ಥರ ಹೊಡೆಯುತ್ತವೆ.
ಇಷ್ಟನ್ನು ಹೇಳಲಿಲ್ಲ. "ಹೂಂ" ಅಂದೆ.

ನಾಲ್ಕು ಗಂಟೆಗೆ ಕರೆಂಟು ಹೋಯಿತು.
ನಮ್ಮದೇ ಫೀಡರು, ಎಲ್ಲೋ ಒಂದು ಕೊಂಬೆ.
ಅಡುಗೆಮನೆಯ ಹಿಂದೆ, ಬಿದಿರು ತಟ್ಟಿಯ ಮರೆಯಲ್ಲಿ
ಡೀಸೆಲ್ ಜನರೇಟರು ಎರಡು ಸಲ ಕೆಮ್ಮಿತು,
ಮೂರನೆಯದಕ್ಕೆ ಹಿಡಿದುಕೊಂಡಿತು.
ಎಲೆಯ ಕೆಳಗಿನ ದೀಪ ಮತ್ತೆ ಮಿಣುಕಿತು, ಹಸಿರಾಗಿ.
ಕಾರು ಕುಡಿಯಿತು.
"ಅದೇನು ಸದ್ದು?"
"ತೋಟದಲ್ಲಿ ಪಂಪು," ಅಂದರು ಪೂಣಚ್ಚನವರು,
ನನ್ನ ಮುಖ ನೋಡದೆ.

ಬಿಸಿಲ ಕರೆಂಟು ಬೇಡವೆನ್ನುವವನಲ್ಲ ನಾನು.
ಗುಡ್ಡ ಜಾರಿದ ವರ್ಷ, ಪರಿಹಾರ ಕೇಂದ್ರದಲ್ಲಿ
ಹನ್ನೊಂದು ರಾತ್ರಿ, ಎಂಬತ್ತು ಜನಕ್ಕೆ
ಚೋಮಿ ಸೆರಗಲ್ಲಿ ಸುತ್ತಿ ತಂದ ಸೋಲಾರ್ ಲಾಟೀನೊಂದೇ.
ಮೋಡದಲ್ಲಿ ಅರೆಹೊಟ್ಟೆ ತುಂಬಿ
ಅರೆಬೆಳಕು ಕೊಡುತ್ತಿತ್ತು.
ಅದರಲ್ಲೇ ಒಂದು ಹೆರಿಗೆಯೂ ಆಯಿತು.
ಅದರ ಮೇಲೆ ಯಾವ ಎಲೆಯೂ ಇರಲಿಲ್ಲ.

ಆ ವರ್ಷ ಎದುರಿನ ಗುಡ್ಡ ಇಳಿಯುವಾಗ
ನನ್ನ ಹದಿನೇಳು ಕಂಬ ಬೀಳಲಿಲ್ಲ.
ನಿಂತ ಹಾಗೆಯೇ, ತಂತಿ ಹಿಡಿದುಕೊಂಡು,
ಸಾಲಾಗಿ ಹೊಳೆಗೆ ನಡೆದುಹೋದವು.
ಇಲ್ಲಿ ನಿಂತೇ ನೋಡಿದ್ದೆ.
ಆಗ ಇದು ಏರು; ಈಗ ಮಟ್ಟಸ, ಆರು ಕಾರಿನ ಜಾಗ.
ಜೆಸಿಬಿಯ ಹಲ್ಲಿಗೆ ತಂತಿ ಸಿಕ್ಕದಿರಲೆಂದು
ಲೈನು ಬದಲಿಸಿಕೊಟ್ಟವನು ಬೇರೆ ಯಾರೂ ಅಲ್ಲ,
ನಾನೇ. ಆ ದಿನದ ಊಟ ಚೆನ್ನಾಗಿತ್ತು.

ಫಾರಂ ತುಂಬಿದೆ. ರೀಡಿಂಗು: ಸೊನ್ನೆ.
ಉದ್ದೇಶ ಅನ್ನುವಲ್ಲಿ ಅವರೇ ಬರೆಸಿದರು:
ಪರಿಸರ ಸ್ನೇಹಿ.
ಸಹಿ ಹಾಕಿ, ಚೀಲ ಹೆಗಲಿಗೇರಿಸಿ ಬರುವಾಗ
ತಡೆಗೋಡೆಯ ಮಗ್ಗುಲಿಗೆ, ಹೊಸ ಸುಣ್ಣದ ಕೆಳಗೆ,
ಕೂದಲೆಳೆಗಿಂತ ಸ್ವಲ್ಪ ದಪ್ಪ ಒಂದು ಬಿರುಕು.
ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ, ಸುಮ್ಮನೆ.
ಹಿಡಿಯ ತನಕ ಹೋಯಿತು.

ಹೊರಗೆಳೆದು ನೋಡಿದರೆ
ಇಷ್ಟು ಬಿಸಿಲಿನಲ್ಲೂ
ತುದಿ ಒದ್ದೆ.