ಮಂಗಳವಾರದ ಪಾಠ

ಬನ್ನಿ, ಹೀಟರಿನ ಹತ್ತಿರ ಕೂರಿ.
ಶೆಫೀಲ್ಡಿನ ಚಳಿಗೆ ನಾಚಿಕೆ ಇಲ್ಲ,
ಚರ್ಚಿನ ಹಾಲು ಅಂತಲೂ ನೋಡದೆ ಒಳಗೆ ನುಗ್ಗುತ್ತೆ.
ನಸ್ರ್, ಟೋಪಿ ಇರಲಿ, ತೆಗೀಬೇಡ.
ಜ್ಲಾತಿತ್ಸಾ, ಬಿಸ್ಕತ್ತಿನ ತಟ್ಟೆ ನಿನ್ನ ಕಡೆ ಎಳಕೋ.
ಪುಸ್ತಕ ಮುಚ್ಚಿ.
ಪುಸ್ತಕದ ಇಂಗ್ಲಿಷು ಇಸ್ತ್ರಿ ಮಾಡಿದ ಅಂಗಿ,
ಹಾಕಿಕೊಂಡು ಕೆಲಸಕ್ಕೆ ಹೋಗೋಕಾಗಲ್ಲ.

ಮೊದಲನೆಯದು:
ಸಾಣೆಕಲ್ಲಿಗೆ ಮೂಗು ಹಚ್ಚು.
ಮೇಸ್ತ್ರಿ ಹಾಗಂದರೆ ಹೆದರಬೇಡ ತೆಸ್ಫಾಲೆಮ್,
ಬಗ್ಗಿಸಿದ ತಲೆ ಎತ್ತದೆ ದುಡಿ ಅಂತ, ಅಷ್ಟೆ.
ಅಷ್ಟೆ ಅಂದೆನೇ?
ನಮ್ಮಪ್ಪ ಇಪ್ಪತ್ತೆರಡು ವರ್ಷ ಹಚ್ಚಿದ.
ದಿನಾ ಕುದುರೆ ಏರುತ್ತಿದ್ದ,
ಮರದ್ದು, ಎಲ್ಲಿಗೂ ಹೋಗದ್ದು,
ಅದರ ಮೇಲೆ ಕೂತು, ತಿರುಗುವ ಕಲ್ಲಿಗೆ ಬಗ್ಗಿ
ಚಾಕುವಿನ ಬಾಯಿ ಮಸೆಯುತ್ತಿದ್ದ.
ಹರಿತವಾದದ್ದು ಚಾಕು, ಸವೆದದ್ದು ಕಲ್ಲು,
ಕಲ್ಲಿನ ಪುಡಿ ಹೋಗಿ ಕೂತದ್ದು ಎದೆಯೊಳಗೆ.
ರಾತ್ರಿ ಅವನು ಕೆಮ್ಮಿದರೆ
ಪಕ್ಕದ ಮನೆಯ ಸ್ಟ್ಯಾನಿಫೋರ್ತ್ ಅಜ್ಜಿ ಗೋಡೆ ಬಡಿಯುತ್ತಿದ್ದಳು,
ಬೈಯೋಕಲ್ಲ,
ಇದ್ದೀಯಾ ಅಂತ ಕೇಳೋಕೆ.

ಎರಡನೆಯದು: ಅವನಿಗೆ ಚೀಲ ಸಿಕ್ಕಿತು.
ನಗಬೇಡಿ. ಚೀಲ ಸಿಕ್ಕರೆ ಒಳ್ಳೇದೇ ಅಲ್ವೇ ಅಂತ
ನಾನೂ ಅಂದುಕೊಂಡಿದ್ದೆ, ಒಂಬತ್ತು ವರ್ಷದವಳು.
ಅಪ್ಪ ಮಧ್ಯಾಹ್ನವೇ ಬಂದ, ಹೆಗಲ ಮೇಲೆ ಗೋಣಿ.
ಆಲೂಗಡ್ಡೆ ಅಂತ ಓಡಿದೆ, ಕೈ ಹಾಕಿದೆ.
ಸುತ್ತಿಗೆ. ಇಕ್ಕಳ.
ಚಿಂದಿಯಲ್ಲಿ ಸುತ್ತಿದ ಅವನ ಟೀ ಲೋಟ.
ಅಮ್ಮ ಒಲೆ ಮೇಲಿನ ನೀರು ಇಳಿಸಿದಳು,
ಮತ್ತೆ ಇಟ್ಟಳು.
ಯಾರೂ ಆ ಮಾತು ಆಡಲಿಲ್ಲ.
ಮಾತು ಮೂಲೆಯಲ್ಲಿ ಗೋಡೆಗೊರಗಿ ಕೂತಿತ್ತು
ಚಳಿಗಾಲ ಕಳೆಯುವ ತನಕ.

ಮೇಣದಬತ್ತಿಯ ಎರಡೂ ತುದಿ ಹಚ್ಚಿದ್ದಾನೆ ಅಂದರೆ
ಹಗಲೂ ದುಡೀತಾನೆ, ರಾತ್ರಿಯೂ.
ಹಿಡಿಯೋದು ಎಲ್ಲಿ ಅಂತೀಯ?
ನಡುವೆ ಹಿಡಿ ಮಗಾ, ನಡು ಕರಗೋ ತನಕ.

ಎರಡು ತುದಿ ಕೂಡಿಸೋದು ಬೇರೆ, ಅದು ಸಂಸಾರದ್ದು.
ಯಾವುದರ ತುದಿ ಅಂತ ಕೇಳ್ತಾಳೆ ಜ್ಲಾತಿತ್ಸಾ.
ಅರವತ್ತು ವರ್ಷ ಎಳೆದಿದ್ದೀನಿ, ನನಗೂ ಗೊತ್ತಿಲ್ಲ,
ಸೊಂಟಪಟ್ಟಿಯದೋ, ತಿಂಗಳದ್ದೋ.
ನಸ್ರ್ ಅಂತಾನೆ, ಅವರ ಯೆಮನ್ನಿನಲ್ಲಿ
ಹೊದಿಕೆ ಇದ್ದಷ್ಟೇ ಕಾಲು ಚಾಚಬೇಕಂತೆ.
ಒಳ್ಳೇ ಮಾತು.
ಆದರೆ ಹೊದಿಕೆ ಅಳೆದು ಕತ್ತರಿಸಿದವನು
ಕಾಲನ್ನು ಯಾಕೆ ಅಳೆಯಲಿಲ್ಲ ಅಂತ
ಗಾದೆ ಯಾರದ್ದಾದರೂ ಇದ್ದರೆ ಹೇಳಿ, ಬೋರ್ಡಿನ ಮೇಲೆ ಬರೀತೀನಿ.

ಇನ್ನೊಂದು. ಇದು ನನ್ನದು.
ಬೆಳ್ಳಿ ಚಮಚ ಬಾಯಲ್ಲಿಟ್ಟುಕೊಂಡೇ ಹುಟ್ಟಿದವನು.
ಹದಿನೈದಕ್ಕೆ ಶಾಲೆ ಬಿಟ್ಟು ಪಾಲಿಶ್ ಚಕ್ರದ ಮುಂದೆ ನಿಂತೆ.
ತಲೆಗೆ ಕೆಂಪು ಬಟ್ಟೆ, ಕಾಲಿಗೆ ಹಳೇ ಪತ್ರಿಕೆ ಸುತ್ತಿ
ದಾರ ಬಿಗಿದು,
ನಿನ್ನೆಯ ಸುದ್ದಿಯೆಲ್ಲ ಮೊಣಕಾಲ ತನಕ.
ಎಣ್ಣೆ, ಮರಳು, ಹುಡುಗಿಯರ ಕೂಗಾಟ, ಡಜನ್ನಿಗೆ ಇಷ್ಟು ಪೆನ್ನಿ.
ಚಮಚದ ಗುಳಿಯಲ್ಲಿ ನನ್ನ ಮುಖ
ತಲೆಕೆಳಗಾಗಿ ಮೂಡುವ ತನಕ ಉಜ್ಜಬೇಕು.
ಮೂಡಿತೋ, ಪೆಟ್ಟಿಗೆಗೆ.
ಎಷ್ಟು ಮನೆಯ ಎಷ್ಟು ಬಾಯಿಗೆ ಹೋಗಿದ್ದೀನೋ, ಲೆಕ್ಕವಿಲ್ಲ.
ಒಂದು ಸಲ ಯಾರೂ ಇಲ್ಲದಾಗ
ನಾನೇ ಬಾಯಿಗಿಟ್ಟು ನೋಡಿದೆ.
ಮರಳು.

ಎಂಟಾಯಿತು. ಕೊನೆಯದು ಬರೆದುಕೊಳ್ಳಿ:
ಇದನ್ನೊಂದು ದಿನ ಅನ್ನೋಣ.
ಅಂದರೆ ಸಾಕು, ಎದ್ದು ಮನೆಗೆ ಹೋಗೋಣ ಅಂತ.
ಯಾಕೆ ಹಾಗೆ ಮುಖ ಮುಖ ನೋಡ್ತೀರಿ?
ಓ.
ನಸ್ರ್, ನಿನ್ನ ಪಾಳಿ ಒಂಬತ್ತಕ್ಕೆ.
ಅವಳು ಹತ್ತಕ್ಕೆ ಆಸ್ಪತ್ರೆಯ ನೆಲ ಒರೆಸಬೇಕು.
ತೆಸ್ಫಾಲೆಮ್‌ನದು ಗೋದಾಮು, ಬೆಳಗಿನ ಆರರ ತನಕ.
ಹೋಗಲಿ, ಅನ್ನಿ. ಅಂದರೆ ದುಡ್ಡೇನು ಖರ್ಚಾಗಲ್ಲ.
ಜೋರಾಗಿ ಅನ್ನಿ, ಉಚ್ಚಾರಣೆ ಕೇಳ್ತೀನಿ.

ಬಿಸ್ಕತ್ತು ಉಳಿದಿದೆ, ಒಯ್ಯಿರಿ, ರಾತ್ರಿಗಾಗುತ್ತೆ.
ಚೀಲ ಇದೆಯೇ
ಯಾರ ಹತ್ತಿರವಾದರೂ?