ಕಾಲಂ ಏಳು

ಅರ್ಜಿ ಹದಿನಾಲ್ಕು ಪುಟ. ಶುಕ್ರವಾರ ಸಂಜೆ ಐದಕ್ಕೆ ಗಡುವು.
ಠಾಣೆಯಲ್ಲಿ ನಾವು ಮೂವರು, ಕಾರು ಎರಡು,
ಅದರಲ್ಲೊಂದು ಚಳಿ ಬಿದ್ದರೆ ಮುಸುಕು ಹೊದ್ದು ಮಲಗುವ ಜಾತಿ.
ಬರೆಯುವ ಕೆಲಸ ನನ್ನ ತಲೆಗೇ ಕಟ್ಟಿದ್ದಾರೆ:
ಸಾರ್ಜೆಂಟ್ ಮಾರ್ಲಾ ವೊಂಡ್ರಾಚೆಕ್, ಅಕ್ಷರ ದುಂಡಗಿದೆಯಂತೆ,
ಟೈಪು ಮಾಡುವುದಾದರೂ.

ನೆಬ್ರಾಸ್ಕಾದ ಈ ಮೂಲೆಯಲ್ಲಿ
ಕಾಳಿನ ಕಣಜವೊಂದು, ಇಗರ್ಜಿಯೊಂದು, ಬಾರು ಮೂರು.
ಬಸ್ಸಿಲ್ಲ, ಟ್ಯಾಕ್ಸಿಯಿಲ್ಲ. ಕುಡಿದವನಿಗೆ ಮನೆ ಹನ್ನೆರಡು ಮೈಲಿ,
ದಾರಿ ಗೆರೆ ಎಳೆದಷ್ಟು ನೇರ,
ನೇರ ದಾರಿಯಲ್ಲೇ ಕಣ್ಣು ಎಳೆಯುವುದು.
ಇದನ್ನೆಲ್ಲ ಎಲ್ಲಿ ಬರೆಯಲಿ?
ಸ್ಥಳೀಯ ಪರಿಸ್ಥಿತಿ, ನೂರು ಪದ ಮೀರದಂತೆ.

ಬೇಕಾದ್ದು: ರಾತ್ರಿ ಪಾಳಿಗೆ ತೊಂಬತ್ತಾರು ಗಂಟೆಗಳ ಓವರ್‌ಟೈಮು,
ಉಸಿರು ಅಳೆಯುವ ಯಂತ್ರ ಒಂದು,
ರಸ್ತೆಗಿಡುವ ಕಿತ್ತಳೆ ಶಂಕು ಇಪ್ಪತ್ತು.
ಇದ್ದವನ್ನು ಶಾಲೆಯವರು ಫುಟ್‌ಬಾಲಿಗೆಂದು ಒಯ್ದರು,
ವಾಪಸು ಕೇಳಲು ನಮಗೆ ಸಂಕೋಚ.

ಕಾಲಂ ಏಳು.
ಕಳೆದ ಮೂರು ವರ್ಷಗಳಲ್ಲಿ, ನಿಮ್ಮ ಸರಹದ್ದಿನೊಳಗೆ,
ಕುಡಿದ ಚಾಲಕರಿಂದ ಸತ್ತವರು. ಸಂಖ್ಯೆ ಮಾತ್ರ.

ಸೊನ್ನೆ.

ಸೊನ್ನೆ ಬರೆದವರಿಗೆ ಅಂಕ ಕಡಿಮೆ.
ಪಕ್ಕದ ಕೌಂಟಿಯವರು ಹೋದ ವರ್ಷ ಮೂರು ಬರೆದರು,
ಹೊಸ ಕಾರು ಬಂತು, ಅದರ ಬಾಗಿಲ ಮೇಲೆ ಮಿಂಚುವ ಪಟ್ಟಿ.
ಆ ಮೂರರಲ್ಲಿ ಒಂದು ನಮ್ಮದು.

ಟ್ರೆವರ್ ಸ್ವೊಬೋಡಾ, ಹತ್ತೊಂಬತ್ತು. ಕಿರಾಣಿ ಅಂಗಡಿಯಲ್ಲಿ
ಚೀಲ ತುಂಬುವಾಗ ಮೊಟ್ಟೆಯನ್ನು
ಮರೆಯದೆ ಎಲ್ಲಕ್ಕಿಂತ ಮೇಲಿಡುತ್ತಿದ್ದ ಹುಡುಗ.
ಎದುರಿನ ಟ್ರಕ್ಕಿನವನು ಕುಡಿದದ್ದು ನಮ್ಮೂರಲ್ಲಿ,
ಗುದ್ದಿದ್ದು ಹಳ್ಳದ ಸೇತುವೆಯ ಮೇಲೆ,
ಹುಡುಗನ ಗಾಡಿ ಉರುಳುರುಳಿ ನಿಂತದ್ದು
ಗಡಿಕಲ್ಲಿನಿಂದಾಚೆ ನಲವತ್ತು ಅಡಿ.
ಅಳತೆಯ ಟೇಪಿನ ಈ ತುದಿ ಹಿಡಿದವಳು ನಾನೇ.

ಪಕ್ಕದ ಕಿಟಕಿಯಲ್ಲಿ ನೀರಿನ ಬಿಲ್ಲು ಕಟ್ಟುತ್ತಾರೆ.
ಬುಧವಾರ ಅವನಮ್ಮ ಅರ್ಲೀನ್ ಬಂದಳು.
ಏನು ಬರೀತಿದ್ದೀ?
ಅನುದಾನದ ಅರ್ಜಿ. ಕುಡಿದು ಓಡಿಸುವವರನ್ನು ಹಿಡಿಯಲಿಕ್ಕೆ.
ಅವನನ್ನು ಹಾಕಿದ್ದೀಯಾ?
ನಮ್ಮ ಲೆಕ್ಕಕ್ಕೆ ಬರುವುದಿಲ್ಲ, ಅರ್ಲೀನ್.
ಅವಳು ಚಿಲ್ಲರೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.
ಒಂದು ಡಾಲರು ಜಾಸ್ತಿ ಕೊಟ್ಟಿದ್ದೀರಿ ಎಂದು
ಕಿಟಕಿಯೊಳಗೆ ಮರಳಿಸಿ ಹೊರಟಳು.

ಕೆಳಗೊಂದು ಟಿಪ್ಪಣಿ ಹಾಕು ಎಂದರು ಚೀಫ್ ಟೀಮನ್.
ಹಾಕಿ ನೋಡಿದೆ. ಆ ಚೌಕ ಅಂಕಿಯನ್ನಲ್ಲದೆ ಬೇರೇನನ್ನೂ ನುಂಗದು,
ಅಕ್ಷರ ಒತ್ತಿದರೆ ಕೆಂಪಗಾಗುತ್ತದೆ.

ಏಪ್ರಿಲಿನಲ್ಲಿ ಹಣ ಬಂತು, ಕೇಳಿದ್ದರ ಅರ್ಧ.
ನಲವತ್ತೆಂಟು ಗಂಟೆ. ಯಂತ್ರ ಬಂತು. ಶಂಕು ಇಲ್ಲ,
ಶಾಲೆಗೆ ಹೋಗಿ ನಾಚಿಕೆ ಬಿಟ್ಟು ಕೇಳಿ ತಂದೆವು.

ಮೊದಲ ರಾತ್ರಿ ತಡೆದ ಮೊದಲ ಕಾರು
ಪಟ್ಟಣ ಸಭೆಯ ಅಧ್ಯಕ್ಷ ಲೈಲ್ ಹ್ರೂಷ್ಕನದು.
ಆ ಅರ್ಜಿಗೆ ಸಹಿ ಹಾಕಿದವನು ನಾನು ಕಣೇ, ಮಾರ್ಲಾ.
ಗೊತ್ತು. ಉಸಿರು ಎಳೆದುಕೊಳ್ಳಿ. ಈಗ ಊದಿ.
ಇನ್ನೂ, ಇನ್ನೂ, ಇನ್ನೂ.
ಹೊಸ ಯಂತ್ರ ಗೋಡೆಯ ಹಲ್ಲಿಯಂತೆ ಲೊಚಗುಟ್ಟಿತು:
ಮಿತಿಗಿಂತ ಮೂರು ಮೇಲೆ.
ಅವರ ಹೆಂಡತಿಗೆ ಫೋನು ಮಾಡಿದ್ದೂ ನಾನೇ.
ಬರುತ್ತೇನೆ, ಅಂದಳು. ನಿದ್ದೆಯ ದನಿಯಲ್ಲ ಅದು.

ರಾತ್ರಿ ಎರಡು. ಗಸ್ತಿನ ಕೊನೆಯ ಸುತ್ತು.
ಸೇತುವೆಯ ಈ ಬದಿಗೆ ನನ್ನ ಸರಹದ್ದು ಮುಗಿಯುತ್ತದೆ,
ಗಾಡಿ ತಿರುಗಿಸಬೇಕು.
ತಿರುಗಿಸುವ ಮುಂಚೆ ದೀಪ ಆಚೆಗೆ ಹೊರಳುತ್ತದೆ,
ತಂತಿಬೇಲಿ, ಗಡಿಕಲ್ಲು,
ಬೇಲಿಗೆ ಕಟ್ಟಿದ ಪ್ಲಾಸ್ಟಿಕ್ ಹೂವು.
ಅರ್ಲೀನ್ ಬಂದು ಬದಲಾಯಿಸಿ ಹೋಗಿದ್ದಾಳೆ.
ಈ ತಿಂಗಳು ಹಳದಿ.