ಮೂರು ಕಿಲೋ ಇನ್ನೂರು

ಮೂರನೇ ರೈಲ್ವೆ ಗೇಟು ದಾಟಿ
ಖಾನಾಪುರ ರಸ್ತೆಯ ಎಡಕ್ಕೆ ಸಾ ಮಿಲ್ಲು.
ಗರಗಸ ಇನ್ನೂ ಬಾಯಿ ತೆರೆದಿರಲಿಲ್ಲ.
ಪುಂಡಲೀಕ ಮಿಸ್ತ್ರಿ ಕಿವಿಗೆ ಪೆನ್ಸಿಲ್ ಸಿಕ್ಕಿಸಿ
ನನ್ನ ರಟ್ಟಿನ ನಕಾಶೆ ತಿರುತಿರುಗಿಸಿ ನೋಡಿದ:
"ಏನ್ರೀ ಬಾಯಾರ ಇದು, ಎಮ್ಮಿ ಮಾರಿ?"
"ಬಾಸ್ ಗಿಟಾರಿನ ಮೈ."
"ಹೊಟ್ಟ್ಯಾಗ ಪೊಳ್ಳ ಬ್ಯಾಡೇನು?"
"ಬ್ಯಾಡ. ಘಟ್ಟಿ ಹಲಗಿ. ದನಿ ಕರೆಂಟಿನ್ಯಾಗ ಬರ್ತದ."
"ಹಂಗಾರ ಕಟ್ಟಿಗಿ ಯಾವದಾದರೇನು?"

ಉತ್ತರ ಹತ್ತೊಂಬತ್ತು ವರ್ಷದಿಂದ
ನನ್ನ ಎಡಭುಜದಲ್ಲಿದೆ.
ಮದುವೆ, ಮುಂಜಿ, ಗಣಪತಿ ಪೆಂಡಾಲು,
ಬಾಡಿಗೆಯ ಬಾಸು, ಪ್ಲೈವುಡ್ಡಿನ ಮೈ, ಐದು ಕಿಲೋ.
ಹಾಡುವವರ ಹೆಸರು ಬ್ಯಾನರಿನಲ್ಲಿ.
ನನ್ನದು ಯಾರಿಗೂ ಕೇಳುವುದಿಲ್ಲ,
ನಿಂತಾಗ ಕೇಳುತ್ತದೆ:
ವಡಗಾಂವಿಯ ನಮ್ಮ ಓಣಿಯಲ್ಲಿ
ನಡುರಾತ್ರಿ ಕರೆಂಟು ಹೋಗಿ
ಪವರ್‌ಲೂಮುಗಳೆಲ್ಲ ಒಮ್ಮೆಲೇ ಸುಮ್ಮನಾದರೆ
ತೊಟ್ಟಿಲ ಕೂಸುಗಳು ಎಚ್ಚತ್ತು ಅಳುವ ಹಾಗೆ.

ಹಳೆ ಸೀರೆಯಲ್ಲಿ ಸುತ್ತಿ ಆಟೋದಲ್ಲಿ ತಂದಿದ್ದೆ
ಅಪ್ಪನ ಕುಣಿಮಗ್ಗದ ತೊಲೆಯ ತುಂಡು.
ಸಾಗುವಾನಿ. ಅರವತ್ತು ವರ್ಷ ಒಣಗಿದ್ದು.
ಮನಸ್ಸಿನಲ್ಲಿ ಆಗಲೇ ಅದಕ್ಕೆ ತಂತಿ ಬಿಗಿದು
ಮೊದಲ ಸ್ವರಕ್ಕೆ ಕಣ್ಣೂ ಒದ್ದೆ ಮಾಡಿಕೊಂಡಿದ್ದೆ.

ಮಿಸ್ತ್ರಿ ಉಗುರಿನಿಂದ ಗೀರಿದ. ಮೂಸಿದ.
ಅಯಸ್ಕಾಂತ ಹಿಡಿದ. ಟಪ್ಪಂತ ಕಚ್ಚಿತು.
"ಒಳಗ ಮೊಳಿ ಅದಾವು. ಇಲ್ಲಿ ಸೀಳು.
ಇಲ್ಲಿ ಹುಳ ಮನಿ ಮಾಡ್ಯಾವು.
ನಿಮ್ಮಪ್ಪ ಛಲೋ ನೇಯ್ದಿರಬೇಕು, ಖರೆ,
ಕಟ್ಟಿಗಿಗೆ ಅದು ಗೊತ್ತಿಲ್ಲರಿ."
ಸಿಟ್ಟು ಬಂತು. ತೂಗ್ರಿ, ಅಂದೆ.
ಕೊಕ್ಕೆ ತಕ್ಕಡಿಯಲ್ಲಿ ಏಳು ಕಿಲೋ.
ನನಗಿಂತ ಮೊದಲು ನನ್ನ ಭುಜ ಒಪ್ಪಿಕೊಂಡಿತು.

ಆಮೇಲೆ ಹೊನ್ನೆ: ಕಣ್ಣಿಗೆ ಹಬ್ಬ, ಬೆನ್ನಿಗೆ ಉಪವಾಸ.
ಮತ್ತಿಯನ್ನು ಎತ್ತಲಿಕ್ಕೇ ಇಬ್ಬರು ಬೇಕು.
ಹಲಸು ತೋರಿಸಿ ತಾನೇ ಬೇಡವೆಂದ.
"ಮಾವು ಹೊಸಾ ಅಳಿಯನಂಗ,
ಯಾವಾಗ ಸೊಟ್ಟ ಆಗತದೋ ಹೇಳಾಕ ಬರಂಗಿಲ್ಲ."

ಹಿಂದೆ, ತಗಡಿನ ನೆರಳಲ್ಲಿ,
ಆಳುಗಳ ಚಹಾ ಗ್ಲಾಸು ಹೊತ್ತ ಒಂದು ಹಲಗೆ.
ಬೂದಿ ಬಿಳುಪು. ಚೆಲುವೇನಿಲ್ಲ.
"ಶಿವಣಿ. ನಂದಗಡದ ಕಡೆ ಬದುವಿನ್ಯಾಗ ಇತ್ತು.
ಇದರಾಗ ನೊಗ ಮಾಡತಿದ್ರು ನಮ್ಮಜ್ಜಾರು,
ಎತ್ತಿನ ಹೆಗಲ ಕೆಡಬಾರದಂತ."

ಗ್ಲಾಸು ಸರಿಸಿ, ಒಂದು ತುದಿ ಗದ್ದಕ್ಕೆ ಆನಿಸಿಕೊಂಡೆ.
ಅವನು ಇನ್ನೊಂದು ತುದಿಗೆ ಗೆಣ್ಣಿನಿಂದ ಬಡಿದ.
ಧಂ ಅಲ್ಲ, ಠಣ್ ಅಲ್ಲ.
ಪಕ್ಕದ ಕೋಣೆಯ ಕತ್ತಲಲ್ಲಿ
ಕತೆ ಕೇಳುತ್ತ ಯಾರೋ "ಹೂಂ" ಅಂದ ಹಾಗೆ
ದವಡೆಯ ಎಲುಬಿನಲ್ಲಿ.

"ಇನ್ನೊಮ್ಮೆ ಬಡೀರಿ."
ಬಡಿದ.
"ಇನ್ನೊಮ್ಮೆ."
ಆಳುಗಳು ನಕ್ಕರು.

"ಹಸೀ ಐತಿ. ಒಂದು ವರ್ಷ ನೆರಳಾಗ ನಿಲ್ಲಲಿ.
ಕೊರದ ಮ್ಯಾಲ ಮೂರು ಕಿಲೋ ಇನ್ನೂರು, ಹೆಚ್ಚಿಲ್ಲ."
ಹಲಗೆಯ ಮೇಲೆ ತೂಕ ಬರೆದ, ಪಕ್ಕಕ್ಕೆ ನನ್ನ ಹೆಸರು:
ವೈಜಂತಾ.
ವೈಜಯಂತಾ ಎಂದು ತಿದ್ದಲಿಲ್ಲ.

ಒಣಗುವಾಗ ಬಾಗಬಾರದು, ಮೇಲೆ ಭಾರ ಬೇಕು ಅಂದ.
ಅತ್ತಿತ್ತ ನೋಡಿ
ಅಪ್ಪನ ತೊಲೆಯನ್ನೇ ಎತ್ತಿ ಅದರ ಮೇಲಿಟ್ಟ.

ಸೀರೆ ಮಡಚಿ ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದೆ.
ಸಂಜೆ ಟಿಳಕವಾಡಿಯಲ್ಲಿ ಆರತಕ್ಷತೆ.
ಪ್ಲೈವುಡ್ಡಿಗೆ ಇನ್ನೊಂದು ವರ್ಷದ ಬಾಡಿಗೆ ಕಟ್ಟಬೇಕು.